ಗಾಲ್ಫ್ ಕಾರ್ಟಿನ ಎರಡನೆಯ ಆಸನ: ಆಡದವರೂ ಬಾಡಿಗೆ ಕೊಡಬೇಕೆ?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿರುವ ಸುಮಾರು 16,000 ಗಾಲ್ಫ್ ಮೈದಾನಗಳ ಪೈಕಿ ಬಹುಪಾಲು ಮೈದಾನಗಳು ಸಾರ್ವಜನಿಕರಿಗೆ ತೆರೆದಿದ್ದು, ಕ್ಲಬ್ಬಿನ ಸದಸ್ಯರಲ್ಲದವರೂ ಹಣ ಕೊಟ್ಟು ಅಲ್ಲಿ ಆಡಬಹುದು. ಆಡಲು ಬಂದವರು ಸಾಮಾನ್ಯವಾಗಿ ಎರಡು ಬಗೆಯ ಶುಲ್ಕ ತೆರುತ್ತಾರೆ. ಮೈದಾನದ ಬಳಕೆಗಾಗಿ ಕೊಡುವುದು ‘ಗ್ರೀನ್ ಫೀ’. ಹದಿನೆಂಟು ಕುಳಿಗಳ ಸುತ್ತನ್ನು ಕಾಲ್ನಡಿಗೆಯ ಬದಲು ವಾಹನದಲ್ಲಿ ಪೂರೈಸುವವರು, ಎರಡು ಆಸನಗಳ ಪುಟ್ಟ ಗಾಡಿಗಾಗಿ ಕೊಡುವುದು ಕಾರ್ಟಿನ ಬಾಡಿಗೆ. ಈ ಎರಡರ ನಡುವೆ ಸಿಕ್ಕಿಕೊಂಡು, ಬಹಳ ಕಾಲದಿಂದ ಚರ್ಚೆಗೆ ಕಾರಣವಾಗಿರುವುದು ಮೂರನೆಯದೊಂದು ಶುಲ್ಕ. ಗಂಡ ಆಡುವಾಗ ಜೊತೆಗೆ ಕುಳಿತು ಸುತ್ತುವ ಹೆಂಡತಿ, ಅಜ್ಜನ ಆಟ ನೋಡಲು ಬಂದ ಮೊಮ್ಮಗ, ಮಂಡಿ ನೋವಿನಿಂದ ಆಟ ಬಿಟ್ಟರೂ ಗೆಳೆಯರ ಒಡನಾಟ ಬಿಡದ ಹಿರಿಯ, ಇವರಲ್ಲಿ ಯಾರೂ ಚೆಂಡು ಮುಟ್ಟುವವರಲ್ಲ; ಆದರೂ ಹಲವು ಮೈದಾನಗಳು ಇವರಿಂದ ‘ಸವಾರರ ಶುಲ್ಕ’ ಎಂಬ ಹೆಸರಿನಲ್ಲಿ, ಆಟಗಾರನೊಬ್ಬ ಕೊಡುವ ಕಾರ್ಟಿನ ಬಾಡಿಗೆಯಷ್ಟನ್ನೋ ಅದರ ಒಂದು ಪಾಲನ್ನೋ ವಸೂಲು ಮಾಡುತ್ತವೆ. ಇದು ನ್ಯಾಯವೇ ಎಂಬುದು ಮೇಲ್ನೋಟಕ್ಕೆ ಉಳ್ಳವರ ಸಣ್ಣ ತಕರಾರಿನಂತೆ ಕಂಡರೂ, ಒಂದು ಸೇವೆಗೆ ಬೆಲೆ ಕಟ್ಟುವಾಗ ಯಾವುದನ್ನು ಅಳತೆಯ ಘಟಕವಾಗಿ ಹಿಡಿಯಬೇಕೆಂಬ ಹಳೆಯ ಆರ್ಥಿಕ ಪ್ರಶ್ನೆಯೇ ಇದರ ಒಡಲಲ್ಲಿದೆ.

ಕಾರ್ಟ್ ಬರುವ ಮೊದಲು ಆಟಗಾರನ ಕೋಲುಗಳ ಚೀಲವನ್ನು ಹೊರುತ್ತಿದ್ದವನು ಕ್ಯಾಡಿ. ಅವನು ಚೀಲ ಹೊರುವುದರ ಜೊತೆಗೆ ದೂರವನ್ನು ಅಂದಾಜು ಮಾಡಿ, ಗಾಳಿಯ ದಿಕ್ಕು ನೋಡಿ, ಯಾವ ಕೋಲು ಹಿಡಿಯಬೇಕೆಂದು ಸಲಹೆಯನ್ನೂ ಕೊಡುತ್ತಿದ್ದ. ಅವನ ಕೂಲಿ ನೇರವಾಗಿ ಅವನ ಕೈಗೇ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಈ ವ್ಯವಸ್ಥೆ ಬದಲಾಯಿತು. 1954ರಲ್ಲಿ ಜಾರ್ಜಿಯ ರಾಜ್ಯದ ಆಗಸ್ಟಾ ನಗರದಲ್ಲಿ ಇ-ಜೀ-ಗೋ ಕಂಪನಿಯೂ, 1958ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಕ್ಲಬ್ ಕಾರ್ ಕಂಪನಿಯೂ ಆರಂಭವಾಗಿ, ಬ್ಯಾಟರಿಯಿಂದ ಓಡುವ ಗಾಡಿಗಳು ಮೈದಾನಗಳನ್ನು ತುಂಬತೊಡಗಿದವು. ಕ್ಯಾಡಿಯ ಜೇಬಿಗೆ ಹೋಗುತ್ತಿದ್ದ ಹಣ ಈಗ ಮೈದಾನದ ಗಲ್ಲಾಪೆಟ್ಟಿಗೆಗೆ ಬರಲಾರಂಭಿಸಿತು. ಹುಲ್ಲಿನ ಆರೈಕೆ, ನೀರು, ಗೊಬ್ಬರ, ಕೆಲಸಗಾರರ ಸಂಬಳ ಎಂದು ಖರ್ಚಿನ ದಾರಿಗಳೇ ಹೆಚ್ಚಿದ್ದ ಮೈದಾನಗಳಿಗೆ ಇದೊಂದು ಖಚಿತ ಆದಾಯವಾಯಿತು. ಪ್ರತಿ ಗಾಡಿಯಲ್ಲಿ ಇಬ್ಬರು ಆಟಗಾರರು ಕೂರುವುದು ವಾಡಿಕೆಯಾದ್ದರಿಂದ, ಗಾಡಿಯ ಬಾಡಿಗೆಯನ್ನು ಎರಡು ಭಾಗ ಮಾಡಿ ತಲಾ ಇಷ್ಟೆಂದು ನಿಗದಿ ಮಾಡುವ ಪದ್ಧತಿಯೂ ಆ ದೇಶದಲ್ಲಿ ಬೇರೂರಿತು.

ಇಂದಿನ ಜಗಳದ ಮೂಲ ಈ ‘ತಲಾ’ ಎಂಬುದರಲ್ಲಿದೆ. ಬೆಂಗಳೂರಿನಲ್ಲಿ ಮೀಟರ್ ಹಾಕಿದ ಆಟೊ ಹತ್ತಿದರೆ ಒಬ್ಬರಿದ್ದರೂ ಮೂವರಿದ್ದರೂ ಬಾಡಿಗೆ ಒಂದೇ, ಶೇರ್ ಆಟೊ ಹತ್ತಿದರೆ ತಲೆಗಿಷ್ಟು. ಎರಡೂ ತಮ್ಮ ತಮ್ಮ ರೀತಿಯಲ್ಲಿ ನ್ಯಾಯವೇ ಆದರೂ, ಮೀಟರ್ ಆಟೊದವನು ತಲೆ ಎಣಿಸತೊಡಗಿದರೆ ಪ್ರಯಾಣಿಕರು ಸುಮ್ಮನಿರುವುದಿಲ್ಲ. ಬ್ರಿಟನ್ನಿನಲ್ಲಿ ಕಾರ್ಟನ್ನು ‘ಬಗ್ಗಿ’ ಎಂದು ಕರೆಯುತ್ತಾರೆ. ಅಲ್ಲಿ ಅದರ ಬಾಡಿಗೆಯನ್ನು ಸಾಮಾನ್ಯವಾಗಿ ಇಡೀ ಗಾಡಿಗೇ ಹೇಳುವುದರಿಂದ, ಪಕ್ಕದಲ್ಲಿ ಕೂತವರು ಆಡುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಅಷ್ಟಾಗಿ ಏಳುವುದೇ ಇಲ್ಲ. ಅಮೆರಿಕದಲ್ಲಿ ಒಬ್ಬನೇ ಆಟಗಾರ ಒಂದು ಗಾಡಿಯನ್ನು ಪೂರ್ತಿ ಬಳಸಿದರೂ ಹಲವೆಡೆ ಅವನಿಂದ ಒಂದೇ ಪಾಲು ತೆಗೆದುಕೊಳ್ಳುತ್ತಾರೆ, ಅಂದರೆ ಖಾಲಿ ಆಸನಕ್ಕೆ ಬೆಲೆಯಿಲ್ಲ. ಅದೇ ಆಸನದಲ್ಲಿ ಅವನ ಹೆಂಡತಿ ಕುಳಿತ ಕೂಡಲೇ ಅದಕ್ಕೆ ಬೆಲೆ ಹುಟ್ಟುತ್ತದೆ. ಗ್ರಾಹಕರನ್ನು ಕೆರಳಿಸುವುದು ಶುಲ್ಕದ ಮೊತ್ತಕ್ಕಿಂತ ಹೆಚ್ಚಾಗಿ ಈ ವಿಚಿತ್ರವೇ.

ಆದರೆ ಮೈದಾನದವರ ವಾದ ಹುರುಳಿಲ್ಲದ್ದಲ್ಲ, ಮತ್ತು ಅದನ್ನು ಅರಿಯಲು ಒಂದು ಸರಳ ಲೆಕ್ಕ ಸಾಕು. ಆಟಗಾರರ ಗುಂಪೊಂದು ಮೊದಲ ಹೊಡೆತ ಹೊಡೆಯಲು ಗೊತ್ತುಪಡಿಸಿದ ಸಮಯಕ್ಕೆ ‘ಟೀ ಟೈಮ್’ ಎನ್ನುತ್ತಾರೆ. ಹತ್ತು ನಿಮಿಷಕ್ಕೊಂದರಂತೆ ನಾಲ್ವರ ಗುಂಪುಗಳನ್ನು ಬಿಡುವ ಮೈದಾನವನ್ನು ಊಹಿಸಿಕೊಂಡರೆ, ಒಂದು ಸುತ್ತು ಮುಗಿಯಲು ನಾಲ್ಕು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆಂದು ಭಾವಿಸಿದಾಗ, ಮೊದಲ ಗುಂಪು ಹಿಂದಿರುಗುವ ಹೊತ್ತಿಗೆ 26 ಗುಂಪುಗಳು ಹೊರಟಿರುತ್ತವೆ. ಗುಂಪಿಗೆ ಎರಡರಂತೆ 52 ಕಾರ್ಟುಗಳು ಬಳಕೆಯಲ್ಲಿರುತ್ತವೆ. ಮೈದಾನದ ಬಳಿ 60 ಕಾರ್ಟುಗಳಿದ್ದರೆ ಉಳಿಯುವುದು ಎಂಟು. ಈಗ ಈ ಗುಂಪುಗಳಲ್ಲಿ ಅರ್ಧದಷ್ಟರ ಜೊತೆ ಒಬ್ಬೊಬ್ಬ ಆಡದ ಸವಾರ ಬಂದರೆ, ಐವರಿಗೆ ಎರಡು ಗಾಡಿ ಸಾಲದೆ ಮೂರನೆಯದು ಬೇಕಾಗಿ, ಒಟ್ಟು ಬೇಡಿಕೆ 65ಕ್ಕೆ ಏರುತ್ತದೆ. ಆಗ ಹಣ ಕೊಟ್ಟು ಆಡಲು ಬಂದವರೇ ಗಾಡಿಗಾಗಿ ಕಾಯಬೇಕಾಗುತ್ತದೆ. ಭಾನುವಾರ ಬೆಳಗಿನ ಈ ಪರಿಸ್ಥಿತಿಯಲ್ಲಿ ಆಡದ ಸವಾರನ ಆಸನಕ್ಕೆ ಅರ್ಥಶಾಸ್ತ್ರ ‘ಅವಕಾಶ ವೆಚ್ಚ’ ಎಂದು ಕರೆಯುವ ವೆಚ್ಚ ಇದ್ದೇ ಇದೆ. ಅಂದರೆ ಅದೇ ವಸ್ತುವನ್ನು ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ, ಈಗ ಕೈತಪ್ಪಿಹೋದ ಆದಾಯ.

ಗುಂಪಿನಲ್ಲಿ ಮೂವರೇ ಆಟಗಾರರಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಮೂವರಿಗೂ ಎರಡು ಗಾಡಿ ಬೇಕೇ ಬೇಕು, ನಾಲ್ಕನೆಯ ಆಸನ ಹೇಗೂ ಖಾಲಿ. ಅದರಲ್ಲಿ ಯಾರೋ ಕುಳಿತರೆ ಮೈದಾನಕ್ಕೆ ಹೆಚ್ಚುವರಿಯಾಗಿ ತಗಲುವ ‘ಸೀಮಾಂತ ವೆಚ್ಚ’ ಸೊನ್ನೆಗೆ ಸಮೀಪ. ಆಳಿನ ತೂಕದಿಂದ ಬ್ಯಾಟರಿ ಬೇಗ ಇಳಿಯುತ್ತದೆ, ಹುಲ್ಲಿನಡಿಯ ಮಣ್ಣು ಗಟ್ಟಿಯಾಗುತ್ತದೆ ಎಂದು ಕೆಲವರು ಹೇಳುವುದುಂಟು. ಕೆಲವು ನೂರು ಕಿಲೋ ತೂಗುವ ಗಾಡಿ ಈಗಾಗಲೇ ಹುಲ್ಲಿನ ಮೇಲೆ ಓಡುತ್ತಿರುವಾಗ ಈ ಮಾತಿಗೆ ಹೆಚ್ಚು ತೂಕವಿಲ್ಲ. ವಾರದ ನಡುವಿನ ಮಧ್ಯಾಹ್ನ, ಷೆಡ್ಡಿನಲ್ಲಿ ಗಾಡಿಗಳು ಸಾಲಾಗಿ ನಿಂತಿರುವಾಗಲೂ ಅದೇ ಶುಲ್ಕ ಕೇಳುವುದನ್ನು ವೆಚ್ಚದ ಆಧಾರದ ಮೇಲೆ ಸಮರ್ಥಿಸುವುದು ಕಷ್ಟ.

ಆಡದ ಸವಾರನಿಂದ ಆಟ ನಿಧಾನವಾಗುತ್ತದೆ ಎಂಬ ಆಕ್ಷೇಪವನ್ನು ಮೈದಾನದಲ್ಲೇ ಇಟ್ಟು ನೋಡಬೇಕು. ಇಬ್ಬರು ಆಟಗಾರರು ಒಂದು ಗಾಡಿಯಲ್ಲಿದ್ದು, ಒಬ್ಬನ ಚೆಂಡು ಎಡಕ್ಕೂ ಇನ್ನೊಬ್ಬನದು ಬಲಕ್ಕೂ ಹೋಗಿ ಬಿದ್ದಾಗ, ಗಾಡಿ ಮೊದಲು ಒಂದು ಕಡೆಗೆ ಹೋಗಿ, ಅಲ್ಲಿ ಕಾದು, ಮತ್ತೆ ಇನ್ನೊಂದು ಕಡೆಗೆ ಹೋಗಬೇಕು. ಚೆಂಡನ್ನು ಕುಳಿಯೊಳಗೆ ಉರುಳಿಸುವ, ನುಣ್ಣಗೆ ಕತ್ತರಿಸಿದ ಹುಲ್ಲಿನ ‘ಗ್ರೀನ್’ ತಲುಪಿದ ಮೇಲೆ ಗಾಡಿಯನ್ನು ಪಕ್ಕದ ಸಿಮೆಂಟು ದಾರಿಯಲ್ಲಿ ಬಿಟ್ಟು ನಡೆಯಬೇಕು, ಆಟ ಮುಗಿದ ಮೇಲೆ ಬಿಟ್ಟಲ್ಲಿಗೇ ಹಿಂದಿರುಗಬೇಕು. ಆಟಗಾರನ ಪಕ್ಕದಲ್ಲಿ ಗಾಡಿ ಓಡಿಸಬಲ್ಲ ಜೊತೆಗಾರರಿದ್ದರೆ, ಅವನು ಎರಡು ಮೂರು ಕೋಲು ಹಿಡಿದು ಚೆಂಡಿನ ಬಳಿ ಇಳಿದುಕೊಳ್ಳುತ್ತಾನೆ. ಅವರು ಗಾಡಿಯನ್ನು ಸುತ್ತುಹಾಕಿಸಿ, ಮುಂದಿನ ಕುಳಿಗೆ ಹೋಗುವ ದಾರಿಯ ಬದಿಗೆ ತಂದು, ಪೆಡಲ್ ಒತ್ತಿ ಬ್ರೇಕ್ ಕಚ್ಚಿಸಿ, ಸ್ಟೀರಿಂಗಿನ ಕ್ಲಿಪ್ಪಿನಲ್ಲಿರುವ ಅಂಕಪಟ್ಟಿಯಲ್ಲಿ ಹೊಡೆತಗಳನ್ನು ಬರೆದುಕೊಳ್ಳುವಷ್ಟರಲ್ಲಿ ಆಟಗಾರ ಬಂದು ಹತ್ತುತ್ತಾನೆ. ಹೀಗೆ ಪ್ರತಿ ಕುಳಿಯಲ್ಲೂ ಸಮಯ ಉಳಿಯುತ್ತದೆ. ಆಟ ತಿಳಿಯದ ಜೊತೆಗಾರರು ಹೊಡೆತದ ಹೊತ್ತಿಗೆ ಮಾತು ತೆಗೆದು, ಹಿಮ್ಮುಖವಾಗಿ ಓಡಿಸುವಾಗ ಗಾಡಿಯ ಪೀಂ ಪೀಂ ಸದ್ದೆಬ್ಬಿಸಿ ಎದುರಿನವರ ಶಾಪಕ್ಕೆ ಗುರಿಯಾಗುವುದೂ ಸುಳ್ಳಲ್ಲ. ಆದರೆ ಅದಕ್ಕೆ ಬೇಕಾದದ್ದು ನಾಲ್ಕು ಮಾತಿನ ತಿಳಿವಳಿಕೆ. ಹಣ ಕೊಟ್ಟವನು ಅದರಿಂದಲೇ ಮೌನಿಯಾಗುವುದಿಲ್ಲ.

ಇಲ್ಲಿ ಆಟದ ನಿಯಮಾವಳಿಯೇ ಒಂದು ತಮಾಷೆಯ ತಿರುವು ಒದಗಿಸುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ ಸಂಸ್ಥೆ ಮತ್ತು ಅಮೆರಿಕದ ಗಾಲ್ಫ್ ಸಂಘ ಸೇರಿ ರೂಪಿಸುವ ನಿಯಮಗಳ ಪ್ರಕಾರ, ಸುತ್ತಿನ ನಡುವೆ ಆಟಗಾರನ ಕೋಲುಗಳನ್ನು ಹೊರುವವನು ಮಾತ್ರವಲ್ಲ, ಅವುಗಳನ್ನು ಕಾರ್ಟಿನಲ್ಲಿ ಸಾಗಿಸುವವನೂ ಕ್ಯಾಡಿಯೇ. ಹಾಗೆಂದು ಹೆಸರಿಸದಿದ್ದರೂ ಅವನು ಕ್ಯಾಡಿ. ಸ್ಪರ್ಧೆಯ ಆಟದಲ್ಲಿ ಸುಮ್ಮನೆ ಕುಳಿತ ಪ್ರೇಕ್ಷಕನನ್ನು ಆಟಗಾರ ಸಲಹೆ ಕೇಳಿದರೆ ದಂಡ ಬೀಳುತ್ತದೆ, ಕ್ಯಾಡಿಯನ್ನು ಕೇಳಿದರೆ ಬೀಳುವುದಿಲ್ಲ. ಹೀಗಾಗಿ ಗಂಡನ ಚೀಲ ಕಟ್ಟಿದ ಗಾಡಿಯ ಸ್ಟೀರಿಂಗ್ ಹಿಡಿದ ಹೆಂಡತಿ ನಿಯಮದ ಕಣ್ಣಿಗೆ ಅವನ ಕ್ಯಾಡಿ, ಅಂದರೆ ಲೋಕರೂಢಿಯಂತೆ ಕೂಲಿ ಪಡೆಯಬೇಕಾದವಳು. ಕಚೇರಿಯ ಕೌಂಟರಿನ ಕಣ್ಣಿಗೆ ಮಾತ್ರ ಅವಳು ಶುಲ್ಕ ಕಟ್ಟಬೇಕಾದ ಸವಾರಳು.

ಅಪಾಯದ ವಿಷಯವನ್ನು ಹೀಗೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗಾಲ್ಫ್ ಚೆಂಡು ಗಟ್ಟಿಯಾದದ್ದು, ವೇಗವಾಗಿ ಬರುವಂಥದ್ದು. ಬಲಗೈ ಆಟಗಾರರ ತಪ್ಪಿದ ಹೊಡೆತಗಳು ಬಹಳಷ್ಟು ಸಲ ಬಲಕ್ಕೇ ತಿರುಗುತ್ತವೆ. ಗಾಡಿಯ ದಾರಿಯೂ ಆ ಬದಿಯಲ್ಲೇ ಇದ್ದರೆ ಆಟದ ಕಡೆಗೆ ಗಮನವಿಲ್ಲದೆ ಕುಳಿತವನು ಚೆಂಡಿನ ಹಾದಿಯಲ್ಲೇ ಕುಳಿತಂತೆ. ಗಂಟೆಗೆ 24 ಕಿ.ಮೀ. ಮೀರದ ವೇಗದ ಗಾಡಿಯೂ, ಬಾಗಿಲಿಲ್ಲದ ಕಾರಣ, ಇಳಿಜಾರಿನ ತಿರುವಿನಲ್ಲಿ ಮಗುವನ್ನು ಹೊರಗೆ ಚೆಲ್ಲಬಲ್ಲದು. 2007ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು, ಜೊತೆ ಆಟಗಾರನ ಚೆಂಡು ತಗಲಿ ಗಾಯಗೊಂಡವರ ಪ್ರಕರಣವೊಂದರಲ್ಲಿ, ಅಜಾಗರೂಕ ಹೊಡೆತ ಬಂದು ಬಡಿಯುವುದು ಈ ಆಟದಲ್ಲೇ ಅಡಗಿರುವ ಅಪಾಯವಾಗಿದ್ದು ಆಡಲಿಳಿದವರು ಅದನ್ನು ಒಪ್ಪಿಕೊಂಡೇ ಇಳಿದಂತೆ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಆಡಲು ಇಳಿಯದೇ ಇದ್ದವರಿಗೆ ಈ ತತ್ತ್ವ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆಂಬುದು ಅಷ್ಟು ಸಲೀಸಾಗಿ ಬಗೆಹರಿಯುವ ವಿಷಯವಲ್ಲ. ಆದ್ದರಿಂದ ಸವಾರರ ಹೆಸರು ಬರೆದುಕೊಂಡು, ಒಪ್ಪಿಗೆಪತ್ರಕ್ಕೆ ಸಹಿ ಪಡೆದು, ವಿಮೆಯ ಸಲುವಾಗಿ ಅಲ್ಪ ಮೊತ್ತವನ್ನು ಕೇಳುವುದು ಸಮಂಜಸವೇ ಸರಿ. ಆದರೆ ಹಾಗೆ ಕೇಳುವವರು ಮಕ್ಕಳನ್ನು ತೊಡೆಯ ಮೇಲೆ ಕೂರಿಸುವುದನ್ನು ತಡೆಯಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕೆಂದು ತೋರಿಸಿಕೊಡಬೇಕು. ಸುರಕ್ಷತೆಯ ಹೆಸರಿನಲ್ಲಿ ಹಣ ಪಡೆದು ಆ ಬಗ್ಗೆ ಒಂದು ಮಾತನ್ನೂ ಆಡದ ಮೈದಾನಕ್ಕೆ ಆ ಹೆಸರು ಹೇಳುವ ಹಕ್ಕಿಲ್ಲ.

ಅಂಗವೈಕಲ್ಯವುಳ್ಳ ಆಟಗಾರರ ಸಹಾಯಕರ ಪ್ರಶ್ನೆ ಇವೆಲ್ಲಕ್ಕಿಂತ ಬೇರೆ. ಬಲಗಾಲಿನ ರಕ್ತನಾಳಗಳ ಹುಟ್ಟು ದೋಷದಿಂದ ನಡೆಯುವುದೇ ನೋವಾಗಿದ್ದ ವೃತ್ತಿಪರ ಆಟಗಾರ ಕೇಸಿ ಮಾರ್ಟಿನ್, ಸ್ಪರ್ಧೆಗಳಲ್ಲಿ ಕಾರ್ಟ್ ಬಳಸಲು ಬಿಡಬೇಕೆಂದು ಪಿಜಿಎ ಟೂರ್ ಸಂಸ್ಥೆಯ ವಿರುದ್ಧ ಹೂಡಿದ ದಾವೆಯಲ್ಲಿ, 2001ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಏಳು-ಎರಡರ ಬಹುಮತದಿಂದ ಅವರ ಪರ ತೀರ್ಪಿತ್ತಿತು. ನಡೆಯುವುದು ಆಟದ ಮೂಲ ತತ್ತ್ವವಲ್ಲ, ಚೆಂಡು ಹೊಡೆಯುವುದೇ ಆಟ ಎಂಬುದು ಆ ತೀರ್ಪಿನ ಸಾರ. ಅದಕ್ಕೆ ಆಧಾರವಾದ, ಅಂಗವೈಕಲ್ಯವುಳ್ಳವರ ಹಕ್ಕುಗಳನ್ನು ಕಾಯುವ 1990ರ ಕಾಯಿದೆಯಡಿಯ ನಿಯಮಗಳು, ಅಂಥವರಿಗೆ ಒದಗಿಸಲೇಬೇಕಾದ ಸೌಕರ್ಯದ ವೆಚ್ಚವನ್ನು ಅವರ ಮೇಲೆಯೇ ಹೆಚ್ಚುವರಿ ಶುಲ್ಕವಾಗಿ ಹೇರುವುದನ್ನು ನಿಷೇಧಿಸುತ್ತವೆ. ದೃಷ್ಟಿಹೀನ ಆಟಗಾರನಿಗೆ ಚೆಂಡಿನ ಮುಂದೆ ಕೋಲನ್ನು ನೇರ ಮಾಡಿಕೊಡುವ ಸಹಾಯಕನನ್ನು ‘ಆಡದ ಸವಾರ’ ಎಂದು ಕರೆದು ರಸೀದಿ ಹರಿಯುವುದು, ಕಾನೂನಿನ ಮಾತು ಹಾಗಿರಲಿ, ಮರ್ಯಾದೆಗೂ ಸಲ್ಲದು.

ಉಳಿದ ಸವಾರರ ಬಗ್ಗೆ ವ್ಯಾಪಾರದ ದೃಷ್ಟಿಯಿಂದಲೇ ಯೋಚಿಸಿದರೂ ಔದಾರ್ಯವೇ ಲಾಭದ ದಾರಿಯಂತೆ ಕಾಣುತ್ತದೆ. ಒಂಬತ್ತು ಕುಳಿ ಮುಗಿದಾಗ ಕ್ಲಬ್ ಹೌಸಿನಲ್ಲಿ ತಿಂಡಿ ಕೊಳ್ಳುವವರು ಅವರು. ನಾಳೆ ತಾವೂ ಕೋಲು ಹಿಡಿಯಬಹುದಾದವರು ಅವರು. ಗಾಲ್ಫ್ ಬಹುಮಟ್ಟಿಗೆ ಮನೆಮಂದಿಯ ಮೂಲಕ ಹಬ್ಬುವ ಆಟ. ಬೆಂಗಳೂರಿನ ಅದಿತಿ ಅಶೋಕ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಚೀಲ ಹೊತ್ತವರು ತಂದೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದಾಗ ಹೊತ್ತವರು ತಾಯಿ. ಅಂಥ ಒಡನಾಟದ ಆರಂಭಕ್ಕೇ ಸುಂಕದ ಕಟ್ಟೆ ಕಟ್ಟುವುದು ಜಾಣತನವೆನಿಸದು. ಬೇಡಿಕೆ ಹೆಚ್ಚಿರುವ ವಾರಾಂತ್ಯದ ಬೆಳಗಿನಲ್ಲಿ, ಹೆಚ್ಚುವರಿ ಗಾಡಿ ಬೇಕಾದಾಗ ಆ ಗಾಡಿಗೆ ಬಾಡಿಗೆ ಪಡೆದು, ಉಳಿದ ಹೊತ್ತಿನಲ್ಲಿ ಖಾಲಿ ಆಸನವನ್ನು ಹಾಗೆಯೇ ಬಿಟ್ಟುಕೊಡುವುದು, ಮತ್ತು ಈ ನಿಯಮವನ್ನು ಟೀ ಟೈಮ್ ಕಾಯ್ದಿರಿಸುವಾಗಲೇ ತಿಳಿಸುವುದು ಹೆಚ್ಚು ಒಪ್ಪುವ ಕ್ರಮ. ಕೌಂಟರಿನ ಮುಂದೆ ನಿಂತಾಗ ಹೊರಬೀಳುವ ಶುಲ್ಕ ಎಷ್ಟೇ ಸಣ್ಣದಾದರೂ ಕಸಿದುಕೊಂಡಂತೆಯೇ ಭಾಸವಾಗುತ್ತದೆ.

1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದಂದಿನಿಂದ ಆಟದ ಪರಿಚಯವಿರುವ ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅಮೆರಿಕದ ಸಾರ್ವಜನಿಕ ಮೈದಾನಗಳಿಂದ ಬಹುತೇಕ ಮಾಯವಾಗಿರುವ ಕ್ಯಾಡಿ ಇಲ್ಲಿ ಇನ್ನೂ ಆಟದ ಭಾಗ. ಕ್ಯಾಡಿಯಾಗಿ ಮೈದಾನಕ್ಕೆ ಕಾಲಿಟ್ಟ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದೂ ಇದೇ ವ್ಯವಸ್ಥೆಯೊಳಗಿನಿಂದಲೇ. ಇಲ್ಲಿ ಕಾರ್ಟಿನ ಎರಡು ಆಸನಗಳಿಗೆ ಆಟಗಾರ, ಅವನ ಜೊತೆಗಾರ, ಕ್ಯಾಡಿ ಎಂದು ಮೂವರು ಹಕ್ಕುದಾರರು. ಜೊತೆಗಾರರಿಗೆ ಆಸನ ಸಿಕ್ಕಿದಾಗ ಕ್ಯಾಡಿ ಗಾಡಿಯ ಹಿಂದೆ ನಿಂತು ಬರಬೇಕೆ, ಬಿಸಿಲಿನಲ್ಲಿ ಹಿಂದೆ ಓಡಿ ಬರಬೇಕೆ, ಅವನ ಕೂಲಿಯಲ್ಲಿ ಕಡಿತವಾಗುತ್ತದೆಯೆ ಎಂಬುದನ್ನು ನಿರ್ಧರಿಸದೆ, ಎರಡನೆಯ ಆಸನಕ್ಕೆ ಎಷ್ಟು ರೂಪಾಯಿ ಎಂದು ಇಲ್ಲಿನ ಕ್ಲಬ್ಬುಗಳು ಲೆಕ್ಕ ಹಾಕಲಾಗದು.