ರೆಕ್ಕೆ ಹಿಡಿಯುವವರ ಭಾನುವಾರ

ಎಂಜಿನ್ನಿಲ್ಲದ ವಿಮಾನವು ಆಗಸಕ್ಕೇರುವುದೆಂತು? ಹತ್ತಾರು ಜನರ ತೋಳ್ಬಲದಿಂದ ಎಂದೇ ನಮ್ಮ ಉತ್ತರ. 1919ರ ವರ್ಸೈ ಒಪ್ಪಂದವು ಸೋತ ಜರ್ಮನಿಗೆ ವಾಯುಸೇನೆಯನ್ನು ನಿಷೇಧಿಸಿ, ವಿಮಾನ ತಯಾರಿಕೆಗೂ ಕಡಿವಾಣ ಹಾಕಿತು. ಮರುವರ್ಷವೇ ಅಲ್ಲಿನ ತರುಣರು ಸುಮಾರು 950 ಮೀಟರ್ ಎತ್ತರದ ವಾಸ್ಸರ್‌ಕುಪ್ಪೆ ಬೆಟ್ಟದಲ್ಲಿ ಗ್ಲೈಡರ್ ಸ್ಪರ್ಧೆ ನಡೆಸಿದರು. ಸಂಗಡಿಗರು ರಬ್ಬರು ಹಗ್ಗವನ್ನೆಳೆದು ಇಳಿಜಾರಿನಲ್ಲಿ ಓಡುವರು, ಒಬ್ಬನು ಹಾರುವನು.

ಇಂದು ಹಗ್ಗದ ಬದಲು ವಿಂಚ್ ಯಂತ್ರ ಬಂದಿದ್ದರೂ ಜರ್ಮನಿಯ ಕ್ಲಬ್ಬುಗಳ ರೀತಿ ಬದಲಾಗಿಲ್ಲ. ಶನಿವಾರ, ಭಾನುವಾರಗಳಂದು ಸದಸ್ಯರೇ ಗ್ಲೈಡರನ್ನು ಮೈದಾನಕ್ಕೆ ತಳ್ಳುವರು. ಅದು ಒಂಟಿ ಚಕ್ರದ ಮೇಲೆ ಒಂದು ಬದಿಗೆ ವಾಲುವುದರಿಂದ ಒಬ್ಬನು ರೆಕ್ಕೆಯ ತುದಿ ಹಿಡಿದು ನಾಲ್ಕು ಹೆಜ್ಜೆ ಓಡಬೇಕು. ಒಬ್ಬನು ತಂತಿ ಸಿಕ್ಕಿಸುವನು, ಒಬ್ಬನು ಯಂತ್ರ ನಡೆಸುವನು, ಮತ್ತೊಬ್ಬನು ವೇಳೆ ಬರೆದುಕೊಳ್ಳುವನು. ಕಲಿಸುವವರೂ ಬಹುಮಟ್ಟಿಗೆ ಸಂಬಳವಿಲ್ಲದ ಸೇವಕರೇ.

ಸುಮಾರು ಒಂದು ಕಿಲೋಮೀಟರ್ ಉದ್ದದ ತಂತಿಯನ್ನು ಯಂತ್ರ ಸೆಳೆದೊಡನೆ ಗ್ಲೈಡರ್ ಗಾಳಿಪಟದಂತೆ ಮೇಲೇರಿ, ಒಂದು ನಿಮಿಷದೊಳಗೆ ಮುನ್ನೂರು-ನಾನೂರು ಮೀಟರ್ ಎತ್ತರದಲ್ಲಿ ತಂತಿಯನ್ನು ಕಳಚಿಕೊಳ್ಳುವುದು. ಬಿಸಿಲಿಗೆ ಕಾದ ನೆಲದಿಂದೇಳುವ ಗಾಳಿ ದೊರೆತರೆ ಹದ್ದಿನಂತೆ ಸುತ್ತುತ್ತ ಗಂಟೆಗಟ್ಟಲೆ ತೇಲಬಹುದು. ದೊರೆಯದಿದ್ದರೆ ಐದಾರು ನಿಮಿಷಗಳಲ್ಲೇ ನೆಲ! ಬೆಳಗಿನಿಂದ ದುಡಿದವನ ಪಾಲಿಗೆ ಅಷ್ಟೇ.

ಆದರೂ ಇಳಿದವನು ಗೊಣಗುತ್ತ ಮನೆಗೆ ಹೋಗುವಂತಿಲ್ಲ. ಮುಂದಿನವನ ರೆಕ್ಕೆ ಹಿಡಿಯಬೇಕು. ಸಂಜೆ ಗ್ಲೈಡರನ್ನು ಒರೆಸಿ, ಮನೆ ಸೇರಿಸಿದ ಮೇಲೆಯೇ ಬಿಡುವು. ಪುಣೆಯ ಹಡಪಸರದ ಗ್ಲೈಡಿಂಗ್ ಮೈದಾನವನ್ನು ಕಂಡ ವಾಚಕರಿಗೆ ಈ ನೋಟ ತೀರ ಅಪರಿಚಿತವಲ್ಲ.

ವಾರಕ್ಕೊಂದೇ ರಜೆಯುಳ್ಳ ನಾವು ಅದನ್ನು ನಿದ್ದೆಗೆ ಮೀಸಲಿಟ್ಟರೆ ತಪ್ಪಲ್ಲ. ಆದರೆ ಹಣವಂತನೊಬ್ಬನಿಗೇ ಎಟಕುವಂತಿದ್ದ ಆಕಾಶವನ್ನು ಸಾಮಾನ್ಯರು ಸರದಿಯ ದುಡಿಮೆಯಿಂದ ಹಂಚಿಕೊಂಡರೆಂಬುದು ನೆನಪಿಡತಕ್ಕ ಮಾತು.