ಅರಸನ ಅಡುಗೆ, ಹಂದಿಯ ಊಟ

ಪಾಕಶಾಸ್ತ್ರದ ಪುಸ್ತಕಗಳು ಸಾಮಾನ್ಯವಾಗಿ ‘ಮೊದಲು ಇಂತಿಷ್ಟು ತೆಗೆದುಕೊಳ್ಳಿ’ ಎಂದು ಆರಂಭವಾಗುತ್ತವೆ. ತೆಗೆದುಕೊಳ್ಳಬೇಕಾದದ್ದು ಬದನೆಕಾಯಿಯಾದರೆ ತೊಂದರೆಯಿಲ್ಲ. ಕಾಡುಹಂದಿಯಾದರೆ ಆ ಒಂದು ಮಾತಿನೊಳಗೆ ನಾಯಿ, ಬಲೆ, ಈಟಿ, ಓಟ, ಕೊನೆಗೆ ಮರವೇರುವಿಕೆ ಎಲ್ಲವೂ ಅಡಗಿರುತ್ತವೆ. ಭಾರಿ ಬೇಟೆಯ ಅಡುಗೆಯಲ್ಲಿ ಹಾಸ್ಯ ಹುಟ್ಟುವುದೇ ಇಲ್ಲಿ: ಪದಾರ್ಥವು ಪಾತ್ರೆಗಿಂತ ದೊಡ್ಡದು, ಮೇಲಾಗಿ ಅದಕ್ಕೆ ಪಾತ್ರೆಯೊಳಗೆ ಬರುವ ಮನಸ್ಸಿಲ್ಲ.

ಈ ವಿದ್ಯೆಗೆ ಬೀದರ ಜಿಲ್ಲೆಯಲ್ಲಿ ರಾಜಮರ್ಯಾದೆಯ ಪರಂಪರೆಯುಂಟು. ಭಾಲ್ಕಿಯ ನೆರೆಯ ಬಸವಕಲ್ಯಾಣ ಹಿಂದೆ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜನೀತಿ, ಆನೆ, ಸಂಗೀತಗಳ ಜೊತೆಗೆ ಅನ್ನಭೋಗಕ್ಕೂ ಅದರ ನೂರು ಅಧ್ಯಾಯಗಳಲ್ಲಿ ಸ್ಥಾನವಿದೆ. ಹಂದಿಗೆ ಬಿಳಿಯ ಬಟ್ಟೆ ಹೊದಿಸಿ, ಕೂದಲು ಕೈಗೆ ಕಿತ್ತು ಬರುವವರೆಗೆ ಬಿಸಿನೀರು ಸುರಿಯಬೇಕು. ಇಲ್ಲವೇ ಹುಲ್ಲುರಿಯಲ್ಲಿ ಸುಡಬೇಕು. ಆಮೇಲೆ ಕೆಂಡದ ಸರದಿ. ಹಂದಿ ತಪ್ಪಿಸಿಕೊಂಡ ದಿನ ಅರಮನೆ ಉಪವಾಸ ಬೀಳಬಾರದೆಂದೋ ಏನೋ, ಹೊಲದ ಇಲಿಯನ್ನು ಬೇಯಿಸುವ ಕ್ರಮವನ್ನೂ ಅರಸನು ಹೇಳಿಟ್ಟಿದ್ದಾನೆ.

ಸಾಕುಹಂದಿಯಷ್ಟು ಸೌಮ್ಯವಲ್ಲದ ಆ ದೇಹವನ್ನು ಹೊತ್ತು ತಂದವರು ಎಷ್ಟು ಮಂದಿ, ನೀರು ಕಾಯಿಸಲು ಸೌದೆ ಎಷ್ಟು ಬಂಡಿ ಎಂಬ ಗೊಡವೆ ಉಣ್ಣುವವನಿಗೇಕೆ? ವಿಧಿ ಅರಸನದು; ಬೆವರು ಆಳಿನದು.

ಈಗ ಕಾಲ ತಿರುಗಿದೆ. ಬೀದರ ನಗರದ ಸುತ್ತಿನ ಬಯಲಿನಿಂದ ಔರಾದದ ಹೊಲಗಳವರೆಗೆ ಕೃಷ್ಣಮೃಗಗಳು ಇಂದಿಗೂ ಮೇಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿ ಅವುಗಳಿಗೆ ಅಭಯವಿತ್ತಿದೆ. ಜಿಂಕೆಬೇಟೆಯನ್ನು ವಿನೋದಗಳಲ್ಲಿ ಎಣಿಸಿದ ಸೋಮೇಶ್ವರನು ಇಂದು ಕೃಷ್ಣಮೃಗವನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆಮನೆಯ ಅನ್ನಭೋಗವನ್ನು ಸವಿಯಬೇಕಾದೀತು. ಕಾಡುಹಂದಿಗೂ ಅದೇ ಕಾಯಿದೆಯ ಆಸರೆಯಿದೆ.

ಆದ್ದರಿಂದ ಇಂದು ಪಾಕಶಾಸ್ತ್ರ ಬರೆಯುವ ಅಧಿಕಾರ ಹಂದಿಗೇ ಸಂದಿದೆ. ಅದು ಬರೆದರೆ ಹೀಗಿರಬಹುದು: ‘ಭಾಲ್ಕಿಯ ಬಲಿತ ಕಬ್ಬು ಒಂದು ಎಕರೆ ತೆಗೆದುಕೊಳ್ಳಿ. ಒಲೆ ಬೇಡ, ಉಪ್ಪು ಬೇಡ. ಮಧ್ಯರಾತ್ರಿಯ ಮೇಲೆ ಮಕ್ಕಳುಮರಿಗಳೊಡನೆ ನುಗ್ಗಿ, ಬುಡದಿಂದ ಸಿಗಿದು ತಿನ್ನಿ. ಅನಿರೀಕ್ಷಿತವಾಗಿ ನೆಂಟರು ಬಂದರೆ ಪಕ್ಕದ ಹೊಲದ ಜೋಳವನ್ನು ಸೇರಿಸಿಕೊಳ್ಳಿ.’

ನಗುವುದು ಸುಲಭ. ಅಟ್ಟಣೆಯ ಮೇಲೆ ಡಬ್ಬಿ ಬಡಿಯುತ್ತ ರಾತ್ರಿ ಕಳೆಯುವ ರೈತನಿಗೆ ಆ ಪಾಕವಿಧಾನ ಒಂದು ವರ್ಷದ ಬದುಕಿನ ಲೆಕ್ಕ. ಕಾಡುಪ್ರಾಣಿಗಳು ಉಳಿಯಬೇಕೆಂದು ನಾವೆಲ್ಲರೂ ಸೇರಿ ತೀರ್ಮಾನಿಸಿದ್ದೇವೆ. ಅದು ಒಳ್ಳೆಯ ತೀರ್ಮಾನವೇ. ಆದರೆ ಊಟದ ಖರ್ಚನ್ನು ಹೊಲದ ಒಡೆಯನೊಬ್ಬನೇ ಹೊರುವುದು ನ್ಯಾಯವಲ್ಲ. ಸರ್ಕಾರದ ಬೆಳೆ ಪರಿಹಾರವು ಮುಂದಿನ ಬಿತ್ತನೆಯ ಮೊದಲೇ ಅವನ ಕೈ ಸೇರಬೇಕು. ಅಂದು ಅರಸನ ಎಲೆಯ ಹಿಂದೆ ಆಳಿನ ಬೆವರು ಮರೆಯಾಗಿತ್ತು. ಇಂದು ಹಂದಿಯ ಊಟದ ಹಿಂದೆ ರೈತನ ಬೆವರು ಮರೆಯಾಗದಿರಲಿ.