ಕುಸನೂರಿನ ಗಾಳಿ, ಜಲವರ್ಣದ ನೀರು

ಕಲಬುರಗಿಯ ಕುಸನೂರಿನಿಂದ ಓದುಗರೊಬ್ಬರು ಕೇಳಿದ್ದಾರೆ. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಹೈಯರ್ ಗ್ರೇಡ್ ಪಾಸು ಮಾಡಿದವರು. ನೌಕರಿ, ಸಂಸಾರದ ನಡುವೆ ಬ್ರಷ್ ಕೈಬಿಟ್ಟು ಹೋಯಿತು. ನಿವೃತ್ತಿಯಾದ ಮೇಲೆ ಮತ್ತೆ ಹಿಡಿದಿದ್ದಾರೆ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಮುಂದಿಟ್ಟುಕೊಂಡು ಕೂತರೆ ಅವರಿಗೆ ಆಗುತ್ತಿರುವುದು ಇದು: “ಗೆರಿ ಹೊಳ್ಳಿ ಬರಾಕತ್ತದ್ರಿ, ಖರೆ ನೀರು ಮಾತು ಕೇಳವಲ್ದು. ಯಾಕಂತೀರಿ?”

ಇಷ್ಟು ಒಳ್ಳೆಯ ಪ್ರಶ್ನೆ ಅಪರೂಪಕ್ಕೆ ಬರುತ್ತದೆ. ಗೆರೆ ಯಾಕೆ ಮರಳಿತು ಎನ್ನುವುದಕ್ಕೆ ಉತ್ತರ ಮಿದುಳಿನಲ್ಲಿದೆ. ನೀರು ಯಾಕೆ ಕೇಳುತ್ತಿಲ್ಲ ಎನ್ನುವುದಕ್ಕೆ ಉತ್ತರ ಕುಸನೂರಿನ ಗಾಳಿಯಲ್ಲಿದೆ.

ಮೊದಲು ಗೆರೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನ ಮೂರ್ಛೆರೋಗ ತಡೆಯಲೆಂದು ವೈದ್ಯರು ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ದೊಡ್ಡ ಭಾಗವನ್ನು ತೆಗೆದುಹಾಕಿದರು. ಅಲ್ಲಿಂದ ಮುಂದೆ ಹೊಸದೇನೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಕೆನಡಾದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಈ ಮೊಲೈಸನ್ ಅವರಿಗೆ ಒಂದು ಚಿತ್ರದ ಕೆಲಸ ಕೊಟ್ಟರು. ಜೋಡಿಗೆರೆಯ ನಕ್ಷತ್ರವೊಂದರ ಪ್ರತಿಬಿಂಬವನ್ನು ಕನ್ನಡಿಯಲ್ಲಷ್ಟೇ ನೋಡುತ್ತ, ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಯಾರು ಮಾಡಿದರೂ ಮೊದಮೊದಲು ಕೈ ತಪ್ಪುತ್ತದೆ. ಮೂರು ದಿನಗಳ ಅಭ್ಯಾಸದಲ್ಲಿ ಮೊಲೈಸನ್ ಅವರ ತಪ್ಪುಗಳು ಇಳಿಯುತ್ತ ಹೋದವು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ್ದೇನೆಂಬ ನೆನಪೇ ಅವರಿಗಿರಲಿಲ್ಲ. ಮಿಲ್ನರ್ ಇದನ್ನು 1962ರಲ್ಲಿ ಪ್ರಕಟಿಸಿದರು. ಘಟನೆಗಳ ನೆನಪು ಬೇರೆ, ಕೈಚಳಕದ ನೆನಪು ಬೇರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಗೊತ್ತಿಲ್ಲ. ಇದಕ್ಕೂ ಮೊದಲು, 1885ರಲ್ಲೇ, ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಇನ್ನೊಂದನ್ನು ತೋರಿಸಿದ್ದರು: ಪೂರ್ತಿ ಮರೆತಂತೆ ಕಂಡದ್ದನ್ನೂ ಎರಡನೇ ಸಲ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕು. ಹಾಗಾಗಿ ನಮ್ಮ ಓದುಗರ ಗೆರೆ ಬೇಗ ಹೊಳ್ಳಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ನೀರು. ನನಗೆ ಬಹಳ ಇಷ್ಟವಾದ ಭಾಗ ಇದೇ.

ಶಹಾಬಾದ್ ಕಲ್ಲಿನ ನೆಲದ ಮೇಲೆ ಚಹಾ ಚೆಲ್ಲಿ ಒಣಗಿದರೆ ಅಂಚಿನಲ್ಲಿ ಕಪ್ಪು ಉಂಗುರ ಉಳಿಯುತ್ತದೆ, ನಡುವೆ ತೆಳುವಾದ ಕಲೆ. ಎಲ್ಲರೂ ನೋಡಿದ್ದೇ. ಯಾಕೆ ಹೀಗೆ ಎಂದು ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್, ಸಿಡ್ನಿ ನೇಗಲ್ ಮತ್ತು ಸಂಗಡಿಗರು ಸರಿಯಾಗಿ ವಿವರಿಸಿದ್ದು 1997ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ. ಬೇಸಿಗೆಯಲ್ಲಿ ಕೆರೆ ಬತ್ತುವುದನ್ನು ನೆನೆಸಿಕೊಳ್ಳಿ. ದಂಡೆಯ ನೀರು ತೆಳುವು, ಮೊದಲು ಬತ್ತುತ್ತದೆ, ಕೆರೆಯಂಚು ದಿನದಿನಕ್ಕೆ ಒಳಗೆ ಸರಿಯುತ್ತದೆ. ಈಗ ಆ ಅಂಚು ಸರಿಯಲು ಬಿಡದಂತೆ ಯಾರೋ ಅದನ್ನು ಗೂಟ ಹೊಡೆದು ನಿಲ್ಲಿಸಿದ್ದಾರೆ ಎಂದುಕೊಳ್ಳಿ. ದಂಡೆಯಲ್ಲಿ ಆರಿದ ನೀರಿನ ಜಾಗ ತುಂಬಲು ನಡುವಿನ ನೀರು ಹೊರಗೆ ಹರಿಯಲೇಬೇಕು. ಹರಿಯುವಾಗ ತನ್ನಲ್ಲಿರುವ ಹೂಳನ್ನೂ ದಂಡೆಗೆ ಒಯ್ದು ಸುರಿಯುತ್ತದೆ. ಬಣ್ಣದ ಹನಿಯಲ್ಲಿ ನಡೆಯುವುದು ಇದೇ. ಅಂಚನ್ನು ಹಿಡಿದು ನಿಲ್ಲಿಸುವ ಗೂಟಗಳೆಂದರೆ ಕಾಗದದ ನಾರು. ಹೂಳೆಂದರೆ ಬಣ್ಣದ ಕಣ. ಅಂಚಿನಿಂದ ಆವಿ ಹೊರಹೋಗಲು ಸುತ್ತಲೂ ದಾರಿ ಇರುವುದರಿಂದ ಅಲ್ಲಿ ನೀರು ಆರುವ ವೇಗವೂ ಹೆಚ್ಚು.

ಕಂಪ್ಯೂಟರಿನಲ್ಲಿ ಜಲವರ್ಣವನ್ನು ಅನುಕರಿಸುವ ಪ್ರಬಂಧವೊಂದನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಯಾಸಿಡಿ ಕರ್ಟಿಸ್ ಮತ್ತು ಸಂಗಡಿಗರು ಪ್ರಕಟಿಸಿದ್ದೂ ಅದೇ 1997ರಲ್ಲಿ. ಅವರು ಕಾಗದದ ಮೇಲೆ ಮೂರು ಪದರಗಳನ್ನು ಕಲ್ಪಿಸಿಕೊಂಡರು: ಮೇಲೆ ಹರಿಯುವ ನೀರು, ಅದರಿಂದ ಕಾಗದಕ್ಕೆ ಇಳಿದು ಅಂಟುವ ಬಣ್ಣ, ಒಳಗೆ ನಾರುಗಳ ನಡುವೆ ಹೀರಲ್ಪಡುವ ನೀರು. ಕಲಾವಿದರು ‘ಬ್ಲೂಮ್’ ಎನ್ನುವ ಕಲೆ ಹುಟ್ಟುವುದು ಈ ಮೂರನೆಯದರ ದೆಸೆಯಿಂದ. ಅರೆಬರೆ ಆರಿದ ವಾಶ್‌ಗೆ (ತೆಳುವಾಗಿ ಬಳಿದ ಬಣ್ಣದ ಪದರಕ್ಕೆ) ನೀರು ತುಂಬಿದ ಬ್ರಷ್ ಮುಟ್ಟಿಸಿದರೆ, ಹೊಸ ನೀರು ಪಕ್ಕದ ತೇವದ ಕಾಗದಕ್ಕೆ ನುಗ್ಗುತ್ತ ದಾರಿಯಲ್ಲಿದ್ದ ಕಣಗಳನ್ನು ತಳ್ಳಿಕೊಂಡು ಹೋಗಿ ಒಂದು ಹಲ್ಲುಹಲ್ಲಾದ ಅಂಚಿನಲ್ಲಿ ಬಿಡುತ್ತದೆ.

ಅಂದರೆ ಜಲವರ್ಣದಲ್ಲಿ ಎಲ್ಲವೂ ನಿಂತಿರುವುದು ಕಾಗದ ಎಷ್ಟು ಆರಿದೆ ಎಂಬುದರ ಮೇಲೆ. ಇಲ್ಲೇ ಕಲಬುರಗಿಯ ಬಿಸಿಲು ಬರುವುದು. ಜಲವರ್ಣದ ಹಲವು ಕೈಪಿಡಿಗಳು ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 15 ಡಿಗ್ರಿ ಸೆಲ್ಸಿಯಸ್, ಶೇ. 75ರ ತೇವಾಂಶದ ಒಂದು ದಿನವನ್ನು ತೆಗೆದುಕೊಳ್ಳಿ. ಕುಸನೂರಿನಲ್ಲಿ 40 ಡಿಗ್ರಿ, ಶೇ. 20ರ ಏಪ್ರಿಲ್ ಮಧ್ಯಾಹ್ನವೊಂದನ್ನು ತೆಗೆದುಕೊಳ್ಳಿ. ಗಾಳಿ ಇನ್ನೂ ಎಷ್ಟು ಆವಿಯನ್ನು ಹೀರಬಲ್ಲದು ಎಂಬುದನ್ನು ಆವಿಯ ಒತ್ತಡದ ಕೊರತೆಯಿಂದ ಅಳೆಯುತ್ತಾರೆ. ಮೊದಲನೆಯ ಗಾಳಿಯಲ್ಲಿ ಅದು ಸುಮಾರು 0.43 ಕಿಲೊಪ್ಯಾಸ್ಕಲ್, ಎರಡನೆಯದರಲ್ಲಿ ಸುಮಾರು 5.9. ಹತ್ತಿರ ಹತ್ತಿರ 14 ಪಟ್ಟು! ಆರುವಾಗ ಒದ್ದೆ ಕಾಗದ ತಾನೂ ತಣ್ಣಗಾಗುವುದರಿಂದ ನೀರು ಆರುವ ವೇಗ ಪೂರ್ತಿ ಅಷ್ಟು ಏರುವುದಿಲ್ಲ; ಆದರೂ ಹಲವು ಪಟ್ಟು ಏರುತ್ತದೆ. ಫ್ಯಾನ್ ಹಾಕಿದರಂತೂ ಕೇಳುವುದೇ ಬೇಡ. ‘ಎರಡು ನಿಮಿಷ ಬಿಟ್ಟು ಎರಡನೇ ಬಣ್ಣ ಬಿಡಿ’ ಎಂದು ಪುಸ್ತಕ ಹೇಳಿದರೆ ಆ ಎರಡು ನಿಮಿಷ ಕುಸನೂರಿನದಲ್ಲ.

ಗಡಿಯಾರದ ಬದಲು ಹೊಳಪನ್ನು ನೋಡಬೇಕು. ನೀರು ಕಾಗದದ ಮೇಲೆ ನಿಂತಿರುವಾಗ ಅದರ ಮೈ ನುಣುಪು, ಕಿಟಕಿಯ ಬೆಳಕು ಅದರಲ್ಲಿ ಪ್ರತಿಫಲಿಸುತ್ತದೆ. ನೀರು ಇಳಿದು ನಾರಿನ ತುದಿಗಳು ಮೇಲೇಳುತ್ತಿದ್ದಂತೆ ಆ ಹೊಳಪು ಒಡೆದು ಮಂಕಾಗುತ್ತದೆ. ಆಗ ಕಾಗದ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ, ಬೆರಳಿನ ಹಿಂಬದಿ ಮುಟ್ಟಿಸಿದರೆ ತಣ್ಣಗಿರುತ್ತದೆ. ಬ್ಲೂಮ್ ಹುಟ್ಟುವುದು ಈ ಹೊತ್ತಿನಲ್ಲೇ. ಈ ಗುರುತುಗಳು ಬ್ರಿಟನ್ನಿನಲ್ಲೂ ಕುಸನೂರಿನಲ್ಲೂ ಒಂದೇ; ಅವು ಬರುವ ಸಮಯ ಮಾತ್ರ ಬೇರೆ.

ತಪ್ಪನ್ನು ಆಮೇಲೆ ಮುಚ್ಚಬಹುದಲ್ಲ ಎಂದರೆ, ಅದು ಬೇರೆ ಬಗೆಯ ಬಣ್ಣದಲ್ಲಿ. ಕಲಬುರಗಿಯಲ್ಲೇ 1916ರಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಚಿತ್ರಗಳಿಂದಲೂ ಪೌರಾಣಿಕ ಕ್ಯಾಲೆಂಡರುಗಳಿಂದಲೂ ಮನೆಮಾತಾದ ಎಸ್.ಎಂ. ಪಂಡಿತರು ಗುವಾಶ್‌ನಲ್ಲಿ ಪಳಗಿದ ಕೈ. ಗುವಾಶ್ ಕೂಡ ನೀರಿನ ಬಣ್ಣವೇ, ಆದರೆ ಅಪಾರದರ್ಶಕ. ಕಪ್ಪಿನ ಮೇಲೂ ತಿಳಿ ಬಣ್ಣ ನಿಲ್ಲುತ್ತದೆ. ಪಾರದರ್ಶಕ ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ. ಬೆಳಕು ಬಣ್ಣದ ಪದರ ದಾಟಿ, ಕಾಗದಕ್ಕೆ ಬಡಿದು, ಮತ್ತೆ ಅದೇ ಪದರ ದಾಟಿ ಕಣ್ಣಿಗೆ ಬರುತ್ತದೆ. ಕೆಂಪು ಬಾಳೆಯ ಬೆನ್ನಿನ ಮೇಲಿನ ಹೊಳಪನ್ನು ಮೊದಲೇ ಬಿಟ್ಟುಕೊಳ್ಳದಿದ್ದರೆ ಆಮೇಲೆ ತರುವುದು ಕಷ್ಟ.

ಹಾಗಾದರೆ ಅಭ್ಯಾಸ ಹೇಗೆ ಮಾಡಬೇಕು? 1979ರಲ್ಲಿ ಜಾನ್ ಶಿಯಾ ಮತ್ತು ರಾಬಿನ್ ಮಾರ್ಗನ್ ಕೈಚಲನೆಯ ಮೂರು ಪಾಠಗಳನ್ನು ಒಂದು ಗುಂಪಿಗೆ ಒಂದಾದ ಮೇಲೊಂದು ಮುಗಿಸುತ್ತ ಕಲಿಸಿದರು, ಇನ್ನೊಂದಕ್ಕೆ ಕಲಸಿ ಕಲಸಿ ಕಲಿಸಿದರು. ಕಲಿಯುವಾಗ ಕಲಸಿದ ಗುಂಪು ಹಿಂದೆ ಬಿತ್ತು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಮುಂದೆ ಇದ್ದದ್ದು ಅದೇ ಗುಂಪು. ಆ ಪ್ರಯೋಗ ಬಣ್ಣದ್ದಲ್ಲ, ಆದರೆ ಜಲವರ್ಣಕ್ಕೆ ಇದು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದೇ ಕೂರಿಕೆಯಲ್ಲಿ ಇಪ್ಪತ್ತು ಸಮನಾದ ವಾಶ್ ಬಳಿಯುವ ಬದಲು ಸಮ ವಾಶ್, ಹಸಿಯ ಮೇಲೆ ಹಸಿ, ಒಣ ಬ್ರಷ್ ಇವನ್ನು ಅದಲುಬದಲು ಮಾಡಿ. ಬೆಳಿಗ್ಗೆ ಏಳಕ್ಕೊಂದು, ಮಧ್ಯಾಹ್ನ ಮೂರಕ್ಕೊಂದು, ಮಳೆಗಾಲದಲ್ಲೊಂದು ಅದೇ ಬಾಳೆಹಣ್ಣು ಬರೆಯಿರಿ. ಚಿತ್ರದ ಹಿಂದೆ ಹೊತ್ತನ್ನೂ ಫ್ಯಾನ್ ಇತ್ತೇ ಎಂಬುದನ್ನೂ ಗುರುತು ಹಾಕಿ. ಬಣ್ಣ ಪೂರ್ತಿ ಒಣಗುವವರೆಗೆ ತೀರ್ಪು ಬೇಡ: ನೀರು ಹೋದ ಮೇಲೆ ಒರಟು ಮೈ ಬಿಳಿ ಬೆಳಕನ್ನು ಹೆಚ್ಚು ಚೆದುರಿಸುವುದರಿಂದ ಒದ್ದೆಯಲ್ಲಿ ಗಾಢವಾಗಿದ್ದದ್ದು ತಿಳಿಯಾಗುತ್ತದೆ.

ಯಾವುದರಲ್ಲೇ ಆಗಲಿ ಪಳಗಲು ‘ಹತ್ತು ಸಾವಿರ ಗಂಟೆ’ಯ ಅಭ್ಯಾಸ ಬೇಕೆಂಬ ಮಾತು ಕೇಳಿ ಎದೆಗುಂದಬೇಕಿಲ್ಲ. ಅಭ್ಯಾಸದ ಕುರಿತ ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರಿಗೆ, ಸಂಗೀತದಲ್ಲಿ ಜನರ ನಡುವಿನ ವ್ಯತ್ಯಾಸದ ಶೇ. 21ರಷ್ಟನ್ನು ಮಾತ್ರ ಅಭ್ಯಾಸದಿಂದ ವಿವರಿಸಲು ಸಾಧ್ಯವಾಯಿತು. ಚಿತ್ರ ಬರೆದರೆ ಒತ್ತಡದ ಹಾರ್ಮೋನು ಇಳಿಯುತ್ತದೆ ಎಂದು ಓಡಾಡುವ ಸುದ್ದಿಗೂ ಅಷ್ಟು ತೂಕ ಕೊಡಬೇಡಿ. ಅದಕ್ಕೆ ಆಧಾರವಾಗಿ ಮತ್ತೆ ಮತ್ತೆ ತೋರಿಸುವ 2016ರ ಅಧ್ಯಯನದಲ್ಲಿ ಇದ್ದವರು 39 ಜನ. ಚಿತ್ರ ಬರೆಯದೆ ಸುಮ್ಮನೆ ಕೂತವರ ಹೋಲಿಕೆಯ ಗುಂಪೇ ಅದರಲ್ಲಿರಲಿಲ್ಲ. ಬಾಳೆಹಣ್ಣನ್ನು ಮುಂದಿಟ್ಟುಕೊಂಡು ಕೂರಲು ಅದರ ಚೆಲುವೇ ಸಾಕಲ್ಲ.

ಅಲ್ಟ್ರಾಮರೀನ್ ನೀಲಿ ಯಾಕೆ ಕಾಳುಕಾಳಾಗಿ ನಿಲ್ಲುತ್ತದೆ ಎಂದೂ ನಮ್ಮ ಓದುಗರು ಕೇಳಿದ್ದಾರೆ. ಆ ಬಣ್ಣದ ಸ್ವಭಾವವೇ ಅದು. ಕಣಗಳು ಗುಂಪುಗೂಡಿ ಕಾಗದದ ತಗ್ಗುಗಳಲ್ಲಿ ಕೂರುತ್ತವೆ. ಗಡಸು ಬೋರ್ ನೀರಿನಲ್ಲಿ ಇದು ಇನ್ನೂ ಹೆಚ್ಚಬಹುದು: ಒಂದೇ ವಿದ್ಯುದಂಶವಿರುವ ಕಣಗಳು ಪರಸ್ಪರ ದೂರ ತಳ್ಳುತ್ತಿರುತ್ತವೆ, ನೀರಿನಲ್ಲಿರುವ ಕ್ಯಾಲ್ಸಿಯಂ ಆ ತಳ್ಳಾಟವನ್ನು ಸಡಿಲಿಸುತ್ತದೆ. ಅದೇ ನೀಲಿಯನ್ನು ಬೋರ್ ನೀರಿನಲ್ಲೊಮ್ಮೆ, ಆರ್‌ಒ ನೀರಿನಲ್ಲೊಮ್ಮೆ ಕಲಸಿ ಪಕ್ಕಪಕ್ಕ ಬಳಿದು ನೋಡಿ. ವ್ಯತ್ಯಾಸ ಕಂಡರೆ ಬಹಮನಿ ಕೋಟೆಯ ಒರಟು ಗೋಡೆ ಬರೆಯುವಾಗ ಬೋರ್ ನೀರನ್ನೇ ಇಟ್ಟುಕೊಳ್ಳಿ, ಆಕಾಶಕ್ಕೆ ಇನ್ನೊಂದು ಲೋಟದಲ್ಲಿ ಆರ್‌ಒ ನೀರು ಇರಲಿ.